ನೇತ್ರಾವತಿ ಬದಿಯ ಊರುಗಳು: ಘಟ್ಟದ ಮೇಲಿನ ನೆಂಟರಿಗೆ ಏನೇನು ತೋರಿಸಬಹುದು?

ಕಂಕನಾಡಿಯಿಂದ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಗೆ ಧಾರವಾಡದಿಂದ ಅಕ್ಕನ ಮನೆಯವರು ಬರುತ್ತಿದ್ದಾರೆ. ಅಕ್ಕ, ಭಾವ, ಭಾವನ ಅಪ್ಪ ಅಮ್ಮ, ಒಂಬತ್ತನೇ ಕ್ಲಾಸಿನ ಮಗಳು. ಹಿರಿಯರಿಬ್ಬರೂ ಎಪ್ಪತ್ತು ದಾಟಿದವರು. ನಡೆಯುತ್ತಾರೆ, ಆದರೆ ಮೆಟ್ಟಿಲು ಜಾಸ್ತಿ ಇದ್ದರೆ ಕಷ್ಟ. ಕಳೆದ ಸಲ ಪಣಂಬೂರು, ಕಟೀಲು, ಉಡುಪಿ ಎಲ್ಲ ತೋರಿಸಿ ಆಗಿದೆ. ಈ ಸಲ ಧರ್ಮಸ್ಥಳ, ಸುಬ್ರಹ್ಮಣ್ಯ ಆಗಲೇಬೇಕು ಅಂತ ಅವರ ಆಸೆ.

ಯಾರನ್ನು ಕೇಳಿದರೂ ಒಂದೇ ಮಾತು. ಬೆಳಿಗ್ಗೆ 5 ಗಂಟೆಗೆ ಬಿಡಿ, ಎರಡೂ ಕ್ಷೇತ್ರ ಮುಗಿಸಿ ರಾತ್ರಿ ಮನೆ ಸೇರಿ. ಹಾಗೆ ಓಡಿಸಲು ನನಗೆ ಮನಸ್ಸಿಲ್ಲ. ಮೂರು ದಿನ ಉಂಟು, ಕಾರು ಉಂಟು. ನೇತ್ರಾವತಿಯ ಬದಿಯಲ್ಲೇ ಮೇಲೆ ಹೋಗುತ್ತಾ, ನಡುವಿನ ಊರುಗಳಲ್ಲಿ ಇಳಿದು ನೋಡಬೇಕು ಅಂತ ಯೋಚನೆ. ಬಂಟ್ವಾಳ, ಉಪ್ಪಿನಂಗಡಿ, ಬೆಳ್ತಂಗಡಿ ಕಡೆಯವರು ದಯವಿಟ್ಟು ಹೇಳಿ. ಬರೀ ಹೆಸರುಗಳ ಪಟ್ಟಿ ಬೇಡ. ಹೋದರೆ ಅಲ್ಲಿ ಏನನ್ನು ನೋಡಬೇಕು ಅಂತ ಬೇಕು.

ಪಾಣೆಮಂಗಳೂರು ಸಂಕ:
ನಿಮ್ಮ ಯೋಚನೆ ಓದಿ ಖುಷಿಯಾಯಿತು ಮಾರಾಯ್ರೆ. ನಮ್ಮ ಊರನ್ನು ಎಲ್ಲರೂ ಬಿ.ಸಿ. ರೋಡಿನ ಸರ್ಕಲ್ಲಿನಲ್ಲೇ ನೋಡಿ ದಾಟಿಬಿಡುತ್ತಾರೆ. ನಿಜವಾದ ಬಂಟ್ವಾಳ ಪೇಟೆ ಇರುವುದು ಒಳಗೆ, ಹೊಳೆಯ ದಂಡೆಯಲ್ಲಿ. ರಸ್ತೆ ಸರಿ ಇಲ್ಲದ ಕಾಲದಲ್ಲಿ ಮಂಗಳೂರಿನಿಂದ ಸಾಮಾನಿನ ದೋಣಿಗಳು ಇಲ್ಲಿಯವರೆಗೆ ಬರುತ್ತಿದ್ದವು. ಘಟ್ಟದಿಂದ ಇಳಿದ ಕಾಫಿ ಇಲ್ಲಿ ದೋಣಿ ಹತ್ತುತ್ತಿತ್ತು. ಪೇಟೆ ಬೆಳೆದದ್ದೇ ಆ ವ್ಯಾಪಾರದಿಂದ.

ವೆಂಕಟರಮಣ ದೇವಸ್ಥಾನದ ಹತ್ತಿರ ಕಾರು ನಿಲ್ಲಿಸಿ ಸುಮ್ನೆ ನಡೆಯಿರಿ. ಇಕ್ಕಟ್ಟಾದ ಬೀದಿ, ಎದುರು ಬದುರು ಜಗಲಿಗಳು, ಹಂಚಿನ ಮಾಡು. ಆ ಹಂಚಿಗೂ ಈ ನದಿಗೂ ನಂಟು ಉಂಟು. ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗ ಮಣ್ಣು ತೆಗೆದದ್ದು ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯಿಂದ. ಪೇಟೆಯಲ್ಲಿ ವಯಸ್ಸಾದವರು ಯಾರಾದರೂ ಸಿಕ್ಕಿದರೆ 1974ರ ನೆರೆ ಬಗ್ಗೆ ಕೇಳಿ. ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಕೈ ಎತ್ತಿ ಗೋಡೆಯ ಮೇಲೆ ತೋರಿಸುತ್ತಾರೆ. ನಮ್ಮ ಅಜ್ಜಿ ಅದಕ್ಕೂ ಹಿಂದಿನ 1923ರ ನೆರೆಯ ಕಥೆ ಹೇಳುತ್ತಿದ್ದರು. ಅವರಿಗೆ ಅವರ ಅಮ್ಮ ಹೇಳಿದ್ದಂತೆ.

ಬಿ.ಸಿ. ರೋಡ್ ಹತ್ತಿರ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಉಂಟು. ತುಳುವರ ಮನೆ, ಗದ್ದೆ, ಅಡುಗೆಮನೆಯ ಹಳೆ ವಸ್ತುಗಳನ್ನು ಅಲ್ಲಿ ಜೋಡಿಸಿಟ್ಟಿದ್ದಾರೆ. ನಿಮ್ಮ ಹುಡುಗಿಗೆ ಕಳಸೆ, ಸೇರು, ನೊಗ, ಮುಟ್ಟಾಳೆ ಎಲ್ಲ ಒಂದೇ ಕಡೆ ನೋಡಲು ಸಿಗುತ್ತದೆ. ಹೋಗುವ ಮೊದಲು ತೆರೆದಿದೆಯಾ ಅಂತ ವಿಚಾರಿಸಿ. ಹಾಗೇ ಪಾಣೆಮಂಗಳೂರಿನ ಹಳೆ ಸಂಕ ಬ್ರಿಟಿಷರ ಕಾಲದ್ದು. ಅಲ್ಲಿ ನಿಂತರೆ ಹೊಳೆಯ ಅಗಲ ಸರಿಯಾಗಿ ಕಾಣುತ್ತದೆ.

ಬಿದಿರೆಯ ಬಸದಿ:
ನಾನು ಸ್ವಲ್ಪ ಬೇರೆ ದಾರಿ ಹೇಳುತ್ತೇನೆ. ನೇತ್ರಾವತಿ ಬದಿಯಲ್ಲೇ ಹೋಗಿ ಅದೇ ಬದಿಯಲ್ಲಿ ಯಾಕೆ ವಾಪಸ್ ಬರಬೇಕು? ಹೋಗುವಾಗ ಫಲ್ಗುಣಿ ಬದಿಯಲ್ಲಿ ಹೋಗಿ. ಗುರುಪುರ ಹೊಳೆ ಅಂತ ಮಂಗಳೂರಿನವರು ಹೇಳುವುದು ಇದನ್ನೇ. ಎರಡೂ ಕೊನೆಗೆ ಉಳ್ಳಾಲ, ಬೆಂಗ್ರೆ ನಡುವಿನ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಒಂದು ಹೊಳೆ ಹಿಡಿದು ಹತ್ತಿ, ಇನ್ನೊಂದು ಹಿಡಿದು ಇಳಿಯಿರಿ.

ಮಂಗಳೂರಿನಿಂದ ಮೂಡುಬಿದಿರೆ ಸುಮಾರು 35 ಕಿ.ಮೀ. ಸಾವಿರ ಕಂಬದ ಬಸದಿ 1430ರದ್ದು. ಒಳಗೆ ಹೋದ ಕೂಡಲೇ ಎಲ್ಲರೂ ಕಂಬ ಎಣಿಸಲು ನೋಡುತ್ತಾರೆ. ಅದರ ಬದಲು ಒಂದೊಂದು ಕಂಬದ ಕೆತ್ತನೆ ನೋಡಿ, ಒಂದರ ಹಾಗೆ ಇನ್ನೊಂದು ಇಲ್ಲ. ಭೈರಾದೇವಿ ಮಂಟಪದ ಕೆಳಗಿನ ಪಟ್ಟಿಯಲ್ಲಿ ಜಿರಾಫೆ ಮತ್ತು ಚೀನಾದ ಡ್ರ್ಯಾಗನ್ ಕೆತ್ತಿದ್ದಾರೆ. ಆರು ನೂರು ವರ್ಷ ಹಿಂದಿನ ಊರಿನಲ್ಲಿ ಜಿರಾಫೆ! ಕರಾವಳಿಯ ಬಂದರುಗಳ ವ್ಯಾಪಾರ ಎಲ್ಲಿಯವರೆಗೆ ಹೋಗಿತ್ತು ಅಂತ ಇದಕ್ಕಿಂತ ಚೆನ್ನಾಗಿ ಮಕ್ಕಳಿಗೆ ಯಾವ ಪಾಠವೂ ಹೇಳುವುದಿಲ್ಲ.

ಗುರು ಬಸದಿಯನ್ನು ಬಿಡಬೇಡಿ. ಜೈನರ ಧವಲ ಗ್ರಂಥಗಳ ತಾಳೆಗರಿಗಳು ಉಳಿದದ್ದು ಇಲ್ಲಿ ಮಾತ್ರ. ಭಾಷೆ ಪ್ರಾಕೃತ, ಲಿಪಿ ನಮ್ಮ ಹಳಗನ್ನಡ. ನೂರಾರು ವರ್ಷ ಈ ಊರಿನವರು ಅದನ್ನು ಹುಳ ಹಿಡಿಯದ ಹಾಗೆ ಕಾಪಾಡಿದ್ದಾರೆ.

ಆಮೇಲೆ ಚೌಟರ ಅರಮನೆ. ಇದು ಈಗಲೂ ಮನೆಯವರು ಇರುವ ಮನೆ, ಹೊರಗೆ ನಿಂತು ಕೇಳಿಯೇ ಒಳಗೆ ಹೋಗಿ. ಅಲ್ಲಿನ ಮರದ ಕಂಬಗಳಲ್ಲಿ ಎರಡು ಕೆತ್ತನೆ ಉಂಟು. ನವನಾರೀ ಕುಂಜರ ಮತ್ತು ಪಂಚನಾರೀ ತುರಗ. ದೂರದಿಂದ ನೋಡಿದರೆ ಆನೆ. ಹತ್ತಿರ ಹೋದರೆ ಒಂಬತ್ತು ಹೆಂಗಸರು. ಒಬ್ಬಳ ಕೈ ಸೊಂಡಿಲಾಗಿದೆ, ಇನ್ನೊಬ್ಬಳ ಬೆನ್ನು ಆನೆಯ ಬೆನ್ನಾಗಿದೆ. ಕುದುರೆಯಲ್ಲಿ ಐದು ಹೆಂಗಸರು. ಒಬ್ಬೊಬ್ಬರ ತಲೆ ಎಲ್ಲಿ, ಕಾಲು ಎಲ್ಲಿ ಅಂತ ಹುಡುಕಲು ಹುಡುಗಿಗೆ ಬಿಡಿ. ನೀವು ಆತುರ ಮಾಡಬೇಡಿ. ಉಳ್ಳಾಲದಲ್ಲಿ ಪೋರ್ಚುಗೀಸರ ಜೊತೆ ಹೋರಾಡಿದ ಅಬ್ಬಕ್ಕ ಇದೇ ಚೌಟರ ಮನೆತನದವಳು ಅಂತ ಹೇಳಿ.

ಅಲ್ಲಿಂದ ವೇಣೂರು. 35 ಅಡಿಯ ಬಾಹುಬಲಿ, 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು, ಫಲ್ಗುಣಿಯ ದಂಡೆಯಲ್ಲೇ. ಈ ಮೂರ್ತಿ ನಿಲ್ಲಿಸಬಾರದು ಅಂತ ಕಾರ್ಕಳದ ಅರಸ ಹಟ ಹಿಡಿದಾಗ, ಅಜಿಲರು ಅದನ್ನು ಹೊಳೆಯ ಮರಳಿನಲ್ಲಿ ಹೂತು ಬಚ್ಚಿಟ್ಟರು ಅಂತ ಕಥೆ ಉಂಟು. ಕಾರು ನಿಲ್ಲಿಸುವ ಜಾಗದಿಂದ ಮೂರ್ತಿ ಹತ್ತಿರವೇ. ಹಿರಿಯರಿಗೆ ಬೆಟ್ಟ ಹತ್ತುವ ಕೆಲಸ ಇಲ್ಲ.

ಉಡುಪಿ ಮಲ್ಲಿಗೆ:
ಮೂಡುಬಿದಿರೆವರೆಗೆ ಹೋದ ಮೇಲೆ ಕಾರ್ಕಳ ಬಿಡುವುದು ಹೇಗೆ? 18 ಕಿ.ಮೀ. ಅಷ್ಟೇ ಅಲ್ವಾ. ಅಲ್ಲಿನ ಗೊಮ್ಮಟ 1432ರದ್ದು, 42 ಅಡಿ, ವೀರಪಾಂಡ್ಯನ ಕಾಲದ್ದು. ಎದುರಿಗೆ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, 108 ಕಂಬ. ಅತ್ತೂರು ಚರ್ಚ್ ಕೂಡ ಹತ್ತಿರವೇ. ಜನವರಿಯ ಹಬ್ಬಕ್ಕೆ ಎಲ್ಲ ಜಾತಿ ಧರ್ಮದವರೂ ಮೇಣದ ಬತ್ತಿ ಹಿಡಿದು ಬರುತ್ತಾರೆ. ನಮ್ಮ ಮನೆಯಿಂದಲೂ ಹೋಗುತ್ತೇವೆ.

ಬಿದಿರೆಯ ಬಸದಿ:
ಕಾರ್ಕಳ ಚಂದವೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಗೊಮ್ಮಟ ಇರುವುದು ಬಂಡೆಯ ಮೇಲೆ, ಮೆಟ್ಟಿಲು ಹತ್ತಬೇಕು. ಒಂದೇ ದಿನ ಮೂಡುಬಿದಿರೆ, ಕಾರ್ಕಳ, ವೇಣೂರು ಅಂತ ತುರುಕಿದರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಎಪ್ಪತ್ತರ ಹಿರಿಯರು ಸಂಜೆಗೆ ಸುಸ್ತಾಗಿ ಧರ್ಮಸ್ಥಳದ ಕ್ಯೂನಲ್ಲಿ ನಿಲ್ಲುವ ಹಾಗೆ ಮಾಡಬೇಡಿ. ಕಾರ್ಕಳ, ಅತ್ತೂರು, ಬಾರ್ಕೂರು ಎಲ್ಲ ಸೇರಿಸಿ ಇನ್ನೊಂದು ಸಲ ಮಾಡಲಿ. ಕಾರ್ಕಳದಲ್ಲಿ ಮುಂದಿನ ಮಹಾಮಸ್ತಕಾಭಿಷೇಕ 2027ಕ್ಕೆ ಬರುತ್ತದೆ, 12 ವರ್ಷಕ್ಕೊಮ್ಮೆ. ಆಗ ಕರೆಯಿರಿ.

ಗಡಾಯಿಕಲ್ಲಿನ ಕೆಳಗೆ:
ವೇಣೂರಿನಿಂದ ಗುರುವಾಯನಕೆರೆ ಮೂಲಕ ಬೆಳ್ತಂಗಡಿಗೆ ಬನ್ನಿ. ಅಲ್ಲಿಗೆ ನೀವು ನೇತ್ರಾವತಿಯ ಕಣಿವೆಗೆ ಇಳಿದ ಹಾಗೆ ಆಯಿತು. ಕುದುರೆಮುಖದ ಸಾಲು ಎದುರಿಗೇ ನಿಲ್ಲುತ್ತದೆ. ಹೊಳೆ ಹುಟ್ಟುವುದು ಆ ಬೆಟ್ಟಗಳಲ್ಲೇ. ಒಂಟಿಯಾಗಿ ಎದ್ದು ನಿಂತ ಕಲ್ಲು ಗಡಾಯಿಕಲ್ಲು. 1794ರಲ್ಲಿ ಟಿಪ್ಪು ಅದರ ಮೇಲೆ ಕೋಟೆ ಕಟ್ಟಿಸಿ ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಅಂತ ಕರೆದ. ಬಂಡೆಯಲ್ಲೇ ಕಡಿದ ಮೆಟ್ಟಿಲು 1,876. ಹಿರಿಯರು ಕೆಳಗೆ ನಿಂತು ನೋಡಲಿ, ಅಷ್ಟು ಸಾಕು. ಹುಡುಗಿ ಹತ್ತಬೇಕು ಅಂದರೆ ಅರಣ್ಯ ಇಲಾಖೆಯ ಟಿಕೆಟ್ ತೆಗೆದುಕೊಂಡು ಬೆಳಿಗ್ಗೆ ಬೇಗ ಶುರು ಮಾಡಬೇಕು. ಮೇಲೆ ನೆರಳು ಇಲ್ಲ, ನೀರು ಹೊತ್ತುಕೊಂಡು ಹೋಗಿ.

ನಾನು ಬರೆಯಲು ಬಂದದ್ದು ಸುರ್ಯದ ಬಗ್ಗೆ. ಉಜಿರೆಯಿಂದ ಕೆಲವೇ ಕಿ.ಮೀ., ನಡ ಗ್ರಾಮ. ಸದಾಶಿವ ರುದ್ರ ದೇವಸ್ಥಾನ. ಇಲ್ಲಿ ಹರಕೆ ಸಲ್ಲಿಸುವುದು ಮಣ್ಣಿನ ಗೊಂಬೆಯಿಂದ. ಮನೆ ಆಗಲಿ ಅಂತ ಬೇಡಿಕೊಂಡವರು ಮಣ್ಣಿನ ಮನೆ ಒಪ್ಪಿಸುತ್ತಾರೆ. ಮಗು ಬೇಕು ಅಂದವರು ತೊಟ್ಟಿಲು. ಕಾಲು ನೋವಿನವರು ಕಾಲು, ಕಣ್ಣಿನವರು ಕಣ್ಣು. ದನ, ನಾಯಿ, ಬಾವಿ, ಕಾರು, ಲಾರಿ ಕೂಡ ಉಂಟು. ಪೂಜೆ ಆದ ಮೇಲೆ ಎಲ್ಲವನ್ನೂ ಪಕ್ಕದ ಹರಕೆ ಬನದಲ್ಲಿ ಇಡುತ್ತಾರೆ. ದೊಡ್ಡ ಮರಗಳ ಬುಡದಲ್ಲಿ ರಾಶಿ ರಾಶಿ. ಹೊಸದು ಕೆಂಪಾಗಿರುತ್ತದೆ, ಹಳೆಯದು ಪಾಚಿ ಹಿಡಿದು ಹಸಿರಾಗಿ, ಇನ್ನೂ ಹಳೆಯದು ಮಳೆಗೆ ಕರಗಿ ಅರ್ಧ ಮಣ್ಣಾಗಿರುತ್ತದೆ. ಒಂದು ಕೊಳೆತ ಎಲೆಯ ಕೆಳಗೆ ಬೆರಳುದ್ದದ ತೊಟ್ಟಿಲಿನೊಳಗೆ ಮಣ್ಣಿನ ಮಗು ಮಲಗಿರುವುದನ್ನು ನೋಡಿ ನಮ್ಮ ಮನೆಯವರು ಮಾತೇ ಆಡಲಿಲ್ಲ. ಊರಿನವರ ಆಸೆ, ಸಂಕಟ ಎಲ್ಲ ಅಲ್ಲಿ ಕಣ್ಣಿಗೆ ಕಾಣುತ್ತದೆ. ಮುಟ್ಟಬೇಡಿ, ಎತ್ತಿ ಫೋಟೋ ತೆಗೆಯಬೇಡಿ. ಅದು ಬೇರೆಯವರ ಹರಕೆ.

ಕಂಕನಾಡಿಯಿಂದ:
ಸುರ್ಯದ ಹೆಸರು ಕೇಳಿದ್ದೆ, ಹೀಗೆ ಅಂತ ಗೊತ್ತಿರಲಿಲ್ಲ. ಖಂಡಿತ ಸೇರಿಸುತ್ತೇನೆ. ಎರಡು ಹೊಳೆಯ ಸುತ್ತು ಕೂಡ ಇಷ್ಟವಾಯಿತು. ಧರ್ಮಸ್ಥಳದಲ್ಲಿ ದರ್ಶನ ಬಿಟ್ಟು ಇನ್ನೇನು ನೋಡಬಹುದು? ಅಲ್ಲಿಂದ ಸುಬ್ರಹ್ಮಣ್ಯದ ದಾರಿಯಲ್ಲಿ ಎಲ್ಲಾದರೂ ನಿಲ್ಲಬಹುದಾ?

ಗಡಾಯಿಕಲ್ಲಿನ ಕೆಳಗೆ:
ಧರ್ಮಸ್ಥಳದಲ್ಲಿ ದೇವರು ಮಂಜುನಾಥ, ಪೂಜೆ ಮಾಡುವವರು ಮಾಧ್ವ ವೈಷ್ಣವರು, ಆಡಳಿತ ಜೈನ ಹೆಗ್ಗಡೆ ಮನೆತನದ್ದು. ಈ ಮೂರು ಒಟ್ಟಿಗೆ ಇರುವುದನ್ನು ನೆಂಟರಿಗೆ ಹೇಳಿ. ರತ್ನಗಿರಿಯ ಬಾಹುಬಲಿ 39 ಅಡಿ, 1982ರಲ್ಲಿ ಪ್ರತಿಷ್ಠೆಯಾದದ್ದು. ಕೆತ್ತಿದವರು ರೆಂಜಾಳ ಗೋಪಾಲಕೃಷ್ಣ ಶೆಣೈ. ಕಾರ್ಕಳದಲ್ಲಿ ಕೆತ್ತಿ ಇಲ್ಲಿಗೆ ಸಾಗಿಸಿದ್ದು. ಬೆಳಿಗ್ಗೆ ವೇಣೂರಿನ ಮೂರ್ತಿ, ಸಂಜೆ ಇದು. ನಡುವೆ ಮುನ್ನೂರ ಎಪ್ಪತ್ತಕ್ಕೂ ಜಾಸ್ತಿ ವರ್ಷ, ಆದರೂ ಕೆಲಸ ಅದೇ ಪರಂಪರೆಯದ್ದು. ಮಂಜೂಷಾ ವಸ್ತು ಸಂಗ್ರಹಾಲಯಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಹಳೆ ಕಾರುಗಳ ಸಂಗ್ರಹ ಬೇರೆ ಉಂಟು, ಭಾವನಿಗೆ ಖುಷಿಯಾಗಬಹುದು. ಡಿಸೆಂಬರ್ ಕೊನೆ ಅಂದರೆ ಶಾಲೆ ಪ್ರವಾಸದ ಬಸ್ಸುಗಳು ಸಾಲು ಸಾಲು. ರೂಮು ಮೊದಲೇ ಮಾಡಿಕೊಳ್ಳಿ.

ಕೊಕ್ಕಡ ಪೇಟೆ:
ಧರ್ಮಸ್ಥಳದಿಂದ ಸುಬ್ರಹ್ಮಣ್ಯಕ್ಕೆ ಹೋಗುವವರು ನಮ್ಮ ಊರಿನ ಮೇಲೆಯೇ ಹೋಗುತ್ತಾರೆ. ಸೌತಡ್ಕದಲ್ಲಿ ನಿಲ್ಲಿ. ಗಣಪತಿಗೆ ಗುಡಿಯೂ ಇಲ್ಲ, ಮಾಡೂ ಇಲ್ಲ. ಮಳೆ ಬಿಸಿಲಿಗೆ ಬಯಲಲ್ಲೇ ಕುಳಿತ ದೇವರು. ಸುತ್ತ ಹರಕೆಯ ಗಂಟೆಗಳು ತೂಗುತ್ತವೆ. ಅವಲಕ್ಕಿ ಪಂಚಕಜ್ಜಾಯ ಇಲ್ಲಿನ ಸೇವೆ. ಮೆಟ್ಟಿಲು ಹತ್ತುವ ಗೋಜಿಲ್ಲ.

ಪುರುಸೊತ್ತು ಇದ್ದರೆ ಅರಸಿನಮಕ್ಕಿ ಮೂಲಕ ಶಿಶಿಲಕ್ಕೂ ಹೋಗಿ. ಕಪಿಲಾ ನದಿಯ ದಂಡೆಯಲ್ಲಿ ಶಿಶಿಲೇಶ್ವರ. ನದಿಯಲ್ಲಿ ದೇವರ ಮೀನುಗಳು, ಯಾರೂ ಹಿಡಿಯುವುದಿಲ್ಲ. ಅಕ್ಕಿ ಹಾಕಿದರೆ ಮೊಣಕೈ ಉದ್ದದ ಕಪ್ಪು ಬೆನ್ನುಗಳು ಒಂದರ ಮೇಲೊಂದು ಏಳುತ್ತವೆ. 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ಮೀನಿಗೆ ಸ್ಮಾರಕ ಕಟ್ಟಿದ ಊರು ಅದು. ಬ್ರೆಡ್ಡು, ಚಿಪ್ಸ್ ಎಲ್ಲ ಹಾಕಬೇಡಿ.

ಕುಮಾರಧಾರೆ ಬದಿ:
ಸುಬ್ರಹ್ಮಣ್ಯದಲ್ಲಿ ಸಾಯಂಕಾಲ ತಲುಪಿ, ರಾತ್ರಿ ಉಳಿದು, ಬೆಳಿಗ್ಗೆ ದರ್ಶನ ಮಾಡುವುದು ಒಳ್ಳೆಯದು. ಧರ್ಮಸ್ಥಳದ ಹಾಗೇ ಇಲ್ಲೂ ಗಂಡಸರು ಅಂಗಿ ಬನಿಯನ್ ತೆಗೆದು ಒಳಗೆ ಹೋಗಬೇಕು, ಹಿರಿಯರಿಗೆ ಮೊದಲೇ ಹೇಳಿಡಿ. ಆದಿ ಸುಬ್ರಹ್ಮಣ್ಯಕ್ಕೆ ಹತ್ತು ನಿಮಿಷದ ನಡಿಗೆ. ಅಲ್ಲಿ ಹುತ್ತದ ಮಣ್ಣೇ ಪ್ರಸಾದ.

ಚಂಪಾಷಷ್ಠಿಯ ರಥ ನೋಡಲು ನಿಮಗೆ ಸಿಗುತ್ತದೋ ಇಲ್ಲವೋ, ಅದು ತಿಥಿಯ ಮೇಲೆ. ಆದರೆ ಒಂದು ವಿಷಯ ತಿಳಿದಿರಲಿ. ಆ ರಥವನ್ನು ಬೆತ್ತ, ಬಿದಿರಿನಿಂದ ಕಟ್ಟುವವರು ಈ ಕಾಡಿನ ಮೂಲ ಜನ ಮಲೆಕುಡಿಯರು. ಕಾಡಿನಿಂದ ಬೆತ್ತ ತಂದು, ಸೀಳಿ, ಹೆಣೆಯುವ ವಿದ್ಯೆ ಅಪ್ಪನಿಂದ ಮಗನಿಗೆ ಬರುತ್ತದೆ. ಅವರು ಕೈ ಹಾಕದೆ ಬ್ರಹ್ಮರಥ ಏಳುವುದಿಲ್ಲ. ರಥದ ಫೋಟೋ ಎಲ್ಲರೂ ಹಾಕುತ್ತಾರೆ, ಕಟ್ಟಿದವರ ಹೆಸರು ಯಾರೂ ಹೇಳುವುದಿಲ್ಲ.

ಇನ್ನೊಂದು ಮಾತು, ಬೇಜಾರಿನಿಂದ ಬರೆಯುತ್ತಿದ್ದೇನೆ. ಸ್ನಾನಘಟ್ಟದಲ್ಲಿ ಮಿಂದು ಉಟ್ಟ ಬಟ್ಟೆಯನ್ನು ಹೊಳೆಗೆ ಬಿಡುತ್ತಾರೆ. ಪಾಪ ಕಳೆಯುತ್ತದಂತೆ. ಹಾಗೆ ಯಾವ ಶಾಸ್ತ್ರವೂ ಇಲ್ಲ. ಬೇಸಿಗೆಯಲ್ಲಿ ಊರಿನ ಹುಡುಗರು ನೀರಿಗಿಳಿದು ಸೀರೆ, ಪಂಚೆಗಳನ್ನು ಲೋಡುಗಟ್ಟಲೆ ಎಳೆದು ಹಾಕುತ್ತಾರೆ. ಬಂಡೆಗಳ ಸಂದಿಗೆ ಸಿಕ್ಕಿದ್ದು ಬರುವುದೇ ಇಲ್ಲ. ದಯವಿಟ್ಟು ನಿಮ್ಮ ನೆಂಟರಿಗೆ, ಅವರ ಊರಿನವರಿಗೆ ಈ ಮಾತು ಮುಟ್ಟಿಸಿ.

ತುಂಬೆಯ ನೀರು:
ಮೇಲಿನವರ ಮಾತಿಗೆ ನಾನೂ ಸೇರಿಸುತ್ತೇನೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ಆ ನೀರೇ ತುಂಬೆಯ ಕಿಂಡಿ ಅಣೆಕಟ್ಟಿಗೆ ಬರುವುದು. ಅಲ್ಲಿಂದ ಮಂಗಳೂರಿನ ನಲ್ಲಿಗೆ. ಸುಬ್ರಹ್ಮಣ್ಯದಲ್ಲಿ ಬಿಟ್ಟದ್ದು ಕಂಕನಾಡಿಯಲ್ಲಿ ಕುಡಿಯುವ ನೀರಿಗೇ ಬಂತಲ್ಲ. 2019ರ ಬೇಸಿಗೆಯಲ್ಲಿ ಮಂಗಳೂರಿಗೆ ಸರದಿಯ ಮೇಲೆ ನೀರು ಬಿಟ್ಟಾಗ ಹೊಳೆಯ ಬೆಲೆ ಎಲ್ಲರಿಗೂ ಗೊತ್ತಾಯಿತು. ಹುಡುಗಿಗೆ ತುಂಬೆಯನ್ನೂ ತೋರಿಸಿ. ಹೆದ್ದಾರಿಯ ಪಕ್ಕವೇ.

ಕೂಡುವ ಹೊಳೆ:
ಸುಬ್ರಹ್ಮಣ್ಯದಿಂದ ಕಡಬ ಮೂಲಕ ಉಪ್ಪಿನಂಗಡಿಗೆ ಇಳಿಯಿರಿ. ದಾರಿಯುದ್ದಕ್ಕೂ ಅಡಿಕೆ ತೋಟ, ರಬ್ಬರ್. ನಮ್ಮ ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರಿಗೇ ಎರಡು ಹೊಳೆ ಸೇರುತ್ತವೆ. ಮಳೆಗಾಲದಲ್ಲಿ ಎರಡೂ ಉಕ್ಕಿ ದೇವಸ್ಥಾನದ ಎದುರು ನೀರು ಕೂಡಿದರೆ ಊರಿಗೆ ಊರೇ ಬಂದು ಗಂಗಾಪೂಜೆ ಮಾಡುತ್ತದೆ. ನದಿಯ ಮರಳಿನ ನಡುವೆ ಉದ್ಭವ ಲಿಂಗ ಉಂಟು, ನೀರು ಇಳಿದಾಗ ಮಾತ್ರ ಕಾಣುತ್ತದೆ. ಮಖೆ ಜಾತ್ರೆ ಬರುವುದು ಆ ಬೇಸಿಗೆಯ ಹೊತ್ತಿಗೆ. ಇಲ್ಲಿನ ವಿಜಯ ವಿಕ್ರಮ ಕಂಬಳ ಕೂಡ ಹೊಳೆಯ ಬದಿಯಲ್ಲೇ.

ಡಿಸೆಂಬರಿನಲ್ಲಿ ಕಂಬಳ ಬೇಕು ಅಂದರೆ ಜಿಲ್ಲೆಯ ಪಟ್ಟಿ ನೋಡಿ. ಶನಿವಾರ ಶುರುವಾಗಿ ಭಾನುವಾರಕ್ಕೆ ಮುಗಿಯುತ್ತದೆ. ಯಕ್ಷಗಾನ ಮಾತ್ರ ಖಂಡಿತ ಸಿಗುತ್ತದೆ. ಮೇಳಗಳು ದೀಪಾವಳಿ ಕಳೆದು ಹೊರಟರೆ ಮೇ ತಿಂಗಳ ಪತ್ತನಾಜೆಯವರೆಗೆ ತಿರುಗಾಟ. ರಾತ್ರಿ ದಾರಿಯಲ್ಲಿ ಚೆಂಡೆ ಕೇಳಿದರೆ ಕಾರು ನಿಲ್ಲಿಸಿ. ಹರಕೆ ಆಟಕ್ಕೆ ಟಿಕೆಟ್ ಇಲ್ಲ. ಹೋಗಿ ಕುಳಿತರೆ ಯಾರೂ ಯಾರ ಮನೆಯವರು ಅಂತ ಕೇಳುವುದಿಲ್ಲ, ಊಟಕ್ಕೂ ಕರೆಯುತ್ತಾರೆ.

ಪುತ್ತೂರಿನ ತೋಟ:
ಉಪ್ಪಿನಂಗಡಿಯಿಂದ ಪುತ್ತೂರು ಹತ್ತಿರವೇ. ಬಾಲವನಕ್ಕೆ ಹೋಗಿ ಬನ್ನಿ. ಶಿವರಾಮ ಕಾರಂತರು ಸುಮಾರು 40 ವರ್ಷ ಇದ್ದ ಜಾಗ. ಧಾರವಾಡದವರು ಅಂದರೆ ಸಾಹಿತ್ಯದವರು, ಹಿರಿಯರು ತುಂಬಾ ಹೊತ್ತು ನಿಲ್ಲುತ್ತಾರೆ ನೋಡಿ.

ಪಾಣೆಮಂಗಳೂರು ಸಂಕ:
ಊಟದ ಬಗ್ಗೆ ಯಾರೂ ಹೇಳಲೇ ಇಲ್ಲ. ಕ್ಷೇತ್ರಗಳಲ್ಲಿ ಅನ್ನದಾನ ಉಂಟು, ಮಧ್ಯಾಹ್ನ ಅಲ್ಲೇ ಕುಳಿತು ಉಣ್ಣಿ. ಧರ್ಮಸ್ಥಳದ ಅನ್ನಪೂರ್ಣದಲ್ಲಿ ಅಷ್ಟು ಜನರಿಗೆ ಬಡಿಸುವ ಶಿಸ್ತು ನೋಡುವಂಥದ್ದೇ. ಬೆಳಿಗ್ಗೆ ಸಣ್ಣ ಪೇಟೆಯ ಹೋಟೆಲಿನಲ್ಲಿ ಬನ್ಸ್, ನೀರುದೋಸೆ, ಸಂಜೆ ಗೋಳಿಬಜೆ. ಪುನರ್ಪುಳಿ ಶರಬತ್ತು ಕೊಡಿಸಲು ಮರೆಯಬೇಡಿ, ಧಾರವಾಡದಲ್ಲಿ ಅದು ಸಿಗುವುದು ಕಷ್ಟ.

ಮೂರನೇ ದಿನ ಹೊತ್ತು ಉಳಿದರೆ ಬಿ.ಸಿ. ರೋಡಿನಿಂದ ಪೊಳಲಿಗೆ ತಿರುಗಿ. ಅಲ್ಲಿಗೆ ಮತ್ತೆ ಫಲ್ಗುಣಿ ಸಿಗುತ್ತದೆ. ರಾಜರಾಜೇಶ್ವರಿಯ ಮೂರ್ತಿ ಕಲ್ಲಿನದ್ದಲ್ಲ, ಮಣ್ಣಿನದ್ದು. ಅಷ್ಟು ದೊಡ್ಡ ಮಣ್ಣಿನ ಮೂರ್ತಿಗೆ ಇಂದಿಗೂ ಪೂಜೆ ನಡೆಯುತ್ತದೆ. ಮಾರ್ಚ್ ತಿಂಗಳಿನಲ್ಲಿ ಶುರುವಾಗುವ ಜಾತ್ರೆಯ ಚೆಂಡು ನಮ್ಮಲ್ಲಿ ಹೆಸರುವಾಸಿ. ಗದ್ದೆಯಲ್ಲಿ ಊರಿನವರು ಎರಡು ಬದಿಯಾಗಿ ಚರ್ಮದ ಚೆಂಡಿಗೆ ಸೆಣಸುತ್ತಾರೆ. ಆ ಚೆಂಡು ತಯಾರಾಗಿ ಬರುವುದು ಮೂಡುಬಿದಿರೆಯಿಂದ.

ಕಂಕನಾಡಿಯಿಂದ:
ಎಲ್ಲರಿಗೂ ತುಂಬಾ ಉಪಕಾರ. ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ. ಮೊದಲ ದಿನ ಮೂಡುಬಿದಿರೆ, ವೇಣೂರು, ರಾತ್ರಿ ಧರ್ಮಸ್ಥಳ. ಎರಡನೇ ದಿನ ದರ್ಶನ ಮಾಡಿ ಸುರ್ಯ, ಸೌತಡ್ಕ, ಶಿಶಿಲ, ರಾತ್ರಿ ಸುಬ್ರಹ್ಮಣ್ಯ. ಮೂರನೇ ದಿನ ಉಪ್ಪಿನಂಗಡಿ, ಬಂಟ್ವಾಳ, ತುಂಬೆ. ಕಾರ್ಕಳ, ಪುತ್ತೂರು ಈ ಸಲ ಬಿಡುತ್ತೇನೆ, ಬೇಜಾರು ಮಾಡಬೇಡಿ. ಇದರಲ್ಲಿ ಏನಾದರೂ ತೊಂದರೆ ಕಾಣುತ್ತದಾ?

ಗಡಾಯಿಕಲ್ಲಿನ ಕೆಳಗೆ:
ಒಂದು ಬದಲಾವಣೆ ಮಾಡಿ. ಎರಡನೇ ದಿನ ಸುರ್ಯಕ್ಕೆ ವಾಪಸ್ ಉಜಿರೆ ಕಡೆ ಬರಬೇಕಾಗುತ್ತದೆ. ಮೊದಲ ದಿನವೇ ವೇಣೂರಿನಿಂದ ಬರುವಾಗ ಸುರ್ಯ ನೋಡಿ ಧರ್ಮಸ್ಥಳಕ್ಕೆ ಹೋಗಿ. ಅದಕ್ಕೆ ಮೂಡುಬಿದಿರೆಯಿಂದ ಮಧ್ಯಾಹ್ನದ ಊಟಕ್ಕೆ ಮೊದಲೇ ಬಿಡಬೇಕು. ಬೆಳಕು ಇರುವಾಗ ಬನ ನೋಡಬೇಕು, ಕತ್ತಲಾದರೆ ಏನೂ ಕಾಣುವುದಿಲ್ಲ.

ಕೊಕ್ಕಡ ಪೇಟೆ:
ಶಿಶಿಲದಲ್ಲಿ ಮಧ್ಯಾಹ್ನದ ಮೇಲೆ ದೇವಸ್ಥಾನದ ಬಾಗಿಲು ಹಾಕಿರುತ್ತದೆ. ಮೀನು ನೋಡಲು ತೊಂದರೆ ಇಲ್ಲ. ದರ್ಶನವೂ ಬೇಕು ಅಂದರೆ ಸೌತಡ್ಕವನ್ನು ಆಮೇಲೆ ಇಟ್ಟುಕೊಂಡು ಮೊದಲು ಶಿಶಿಲಕ್ಕೆ ಹೋಗಿ. ಒಳ ರಸ್ತೆಯಲ್ಲಿ ಫೋನ್ ನೆಟ್‌ವರ್ಕ್ ಹೋಗುತ್ತದೆ, ದಾರಿಯನ್ನು ಅರಸಿನಮಕ್ಕಿಯ ಅಂಗಡಿಯಲ್ಲಿ ಕೇಳಿಕೊಳ್ಳಿ.